ಹೊಸ ಅಕ್ಕಿಯ ಊಟಕ್ಕೆ ಯಾರು ಯಾರು ಬಂದಿದ್ದಾರೆ?

ಮಳೆಯ ಬಿರುಸು ತಗ್ಗಿ ಗದ್ದೆಗಳಲ್ಲಿ ತೆನೆ ಬಾಗುವ ಹೊತ್ತಿಗೆ ಕರಾವಳಿಯ ಕೆಥೋಲಿಕ ಮನೆಗಳಲ್ಲಿ ಒಂದು ವಿಶೇಷ ಸಂಭ್ರಮ ಮೂಡುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಪುಟ್ಟ ಮಕ್ಕಳು ಬುಟ್ಟಿಯಲ್ಲಿ, ತಟ್ಟೆಯಲ್ಲಿ, ಕೆಲವೊಮ್ಮೆ ಬರಿಗೈಯಲ್ಲೇ ಹೂಗಳನ್ನು ಹಿಡಿದುಕೊಂಡು ದೇವಾಲಯಕ್ಕೆ ಬರುತ್ತಾರೆ. ಬಾಲಮಾತೆ ಮರಿಯಮ್ಮನ ಪ್ರತಿಮೆಯ ಮುಂದೆ ಆ ಹೂಗಳನ್ನು ಅರ್ಪಿಸಿ ಹಾಡುತ್ತಾರೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನನೋತ್ಸವ; ನಮ್ಮವರ ಬಾಯಲ್ಲಿ ಅದು ಮೊಂತಿ ಹಬ್ಬ, ತೆನೆಹಬ್ಬ. ಅಂದು ಆಶೀರ್ವದಿಸಲ್ಪಟ್ಟ ಹೊಸ ತೆನೆ ಮನೆಮನೆಗೆ ಬರುತ್ತದೆ, ಹೊಸ ಅಕ್ಕಿಯ ಊಟ ಜರುಗುತ್ತದೆ.

ಈ ಹಬ್ಬದ ಚೆಲುವನ್ನು ಕುರಿತು ಈ ಅಂಕಣದಂತಹ ಜಾಗಗಳಲ್ಲಿ ಪ್ರತಿವರ್ಷವೂ ಬರೆಯಲಾಗುತ್ತದೆ. ಈ ಬಾರಿ ನಾವು ಹಬ್ಬದ ಚೆಲುವಿನ ಜೊತೆಗೆ ಅದು ನಮ್ಮನ್ನು ಕೇಳುವ ಒಂದು ಕಠಿಣ ಪ್ರಶ್ನೆಯನ್ನೂ ಓದುಗರ ಮುಂದೆ ಇಡಬಯಸುತ್ತೇವೆ. ಹೊಸ ಅಕ್ಕಿಯ ಊಟಕ್ಕೆ ಬಾಳೆ ಎಲೆ ಹಾಸುವಾಗ ಹಿರಿಯರು ಮೊದಲು ಎಣಿಸುತ್ತಿದ್ದುದು ಪದಾರ್ಥಗಳನ್ನಲ್ಲ, ಮನೆಮಂದಿಯನ್ನು. ಯಾರು ಬಂದಿದ್ದಾರೆ? ಯಾರು ಬಂದಿಲ್ಲ? ಬಾರದವರು ದೂರದ ಊರಿನಲ್ಲಿ ಇರುವುದರಿಂದ ಬರಲಿಲ್ಲವೋ, ಅಥವಾ ನೆರೆಯಲ್ಲೇ ಇದ್ದೂ ಬರಲಿಲ್ಲವೋ?

ತೆನೆಯ ಹಬ್ಬ, ಮನೆಯ ಹಬ್ಬ

ಮಾತೆ ಮರಿಯಮ್ಮನ ಜನನದ ಕುರಿತು ಶುಭಸಂದೇಶಗಳು ಏನನ್ನೂ ಹೇಳುವುದಿಲ್ಲ. ಆಕೆಯ ತಂದೆತಾಯಿ ಜೋಕಿಮ್ ಮತ್ತು ಅನ್ನಾ ಎಂಬ ಹೆಸರುಗಳು ಬೈಬಲಿನ ಹೊರಗಿನ, ಎರಡನೆಯ ಶತಮಾನದ ಒಂದು ಪ್ರಾಚೀನ ಬರಹದಿಂದ ಪರಂಪರೆಗೆ ಬಂದವು. ಜೆರುಸಲೇಮಿನಲ್ಲಿ ಸಂತ ಅನ್ನಾರ ಹೆಸರಿನ ದೇವಾಲಯ ನಿಂತಿರುವ ಜಾಗವನ್ನು ಆ ತಾಯಿ ಹುಟ್ಟಿದ ಮನೆಯ ಜಾಗವೆಂದು ಭಕ್ತರು ಗೌರವಿಸುತ್ತ ಬಂದಿದ್ದಾರೆ. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬಕ್ಕೂ ಸೆಪ್ಟೆಂಬರ್ 8ರ ಈ ಹಬ್ಬಕ್ಕೂ ನಡುವೆ ಸರಿಯಾಗಿ ಒಂಬತ್ತು ತಿಂಗಳ ಅಂತರವಿದೆ. ಒಂದು ಸಾಮಾನ್ಯ ಮನೆಯಲ್ಲಿ ಹೆಣ್ಣುಮಗುವೊಂದು ಹುಟ್ಟಿದ ಸಂತೋಷವನ್ನು ಜಗತ್ತಿನ ಧರ್ಮಸಭೆ ಹಬ್ಬವಾಗಿ ಆಚರಿಸುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಇದೇ ಹಬ್ಬಕ್ಕೆ ಕಾವಿ ಬಣ್ಣದ ಉಡುಪು ತೊಟ್ಟ ಭಕ್ತರ ಸಾಗರ ಸೇರುತ್ತದೆ, ತೇರು ಎಳೆಯಲಾಗುತ್ತದೆ. ವೇಳಾಂಗಣ್ಣಿಯಲ್ಲಿಯೂ ಅಂದೇ ಮಹೋತ್ಸವ. ಆದರೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಈ ಹಬ್ಬ ಹೊಸ ಬೆಳೆಯೊಡನೆ ಬೆಸೆದುಕೊಂಡಿದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದೊಂದಿಗೆ ಹಬ್ಬದ ಹೆಸರನ್ನು ಜೋಡಿಸಿ ಹಿರಿಯರು ಹೇಳುವುದುಂಟು. ನಮ್ಮ ನೆರೆಯ ಹಿಂದೂ ಬಾಂಧವರು ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಕಾಲವೂ ಹೆಚ್ಚುಕಡಿಮೆ ಇದೇ. ಕೊಡಗಿನಲ್ಲಿ ತುಸು ತಡವಾಗಿ ಪುತ್ತರಿ ಬರುತ್ತದೆ. ಒಂದೇ ಮಣ್ಣು, ಒಂದೇ ಮಳೆ, ಒಂದೇ ತೆನೆ. ಕೃತಜ್ಞತೆಯ ಭಾಷೆ ಮಾತ್ರ ಮನೆಯಿಂದ ಮನೆಗೆ ಬೇರೆ.

ಹಬ್ಬದ ದಿನ ತೆನೆಗಳ ಆಶೀರ್ವಾದ, ಮಾತೆಯ ಪ್ರತಿಮೆಯೊಡನೆ ಮೆರವಣಿಗೆ, ದಿವ್ಯ ಬಲಿಪೂಜೆ ಆದ ಮೇಲೆ ಪ್ರತಿ ಕುಟುಂಬಕ್ಕೂ ತೆನೆ ಹಂಚುತ್ತಾರೆ. ಹೂ ತಂದ ಮಕ್ಕಳ ಕೈಗೆ ಕಬ್ಬು ಬರುತ್ತದೆ. ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಅದರ ಕಾಳು ಬಿಡಿಸಿ, ಪುಡಿ ಮಾಡಿ, ಹಾಲಿನಲ್ಲೋ ತೆಂಗಿನ ಹಾಲಿನ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಒಬ್ಬೊಬ್ಬರಿಗಾಗಿ ಕೊಡುತ್ತಾರೆ. ಬಳಿಕ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಪಲ್ಯಗಳ ಸಂಖ್ಯೆ ಐದು, ಏಳು, ಒಂಬತ್ತು ಹೀಗೆ ಬೆಸವಾಗಿರಬೇಕೆಂಬ ರೂಢಿ. ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರು ಇಂದಿಗೂ ಇದ್ದಾರೆ. ಲಕೋಟೆ ತಲುಪುವ ಹೊತ್ತಿಗೆ ಹಬ್ಬ ಮುಗಿದು ವಾರ ಕಳೆದಿರುತ್ತದೆ. ಆದರೂ ಆ ನಾಲ್ಕು ಕಾಳುಗಳನ್ನು ಅಲ್ಲಿಯ ಅನ್ನದ ಪಾತ್ರೆಗೆ ಹಾಕಿ ಬೇಯಿಸಿ ತಿನ್ನುತ್ತಾರೆ. ಯಾರೂ ಹೊರಗುಳಿಯಬಾರದು ಎಂಬುದೇ ಈ ಊಟದ ಏಕೈಕ ನಿಯಮ.

ಗೇಣಿಯಿಂದ ಒಡೆತನಕ್ಕೆ

ಈಗ ತೆನೆಗಾಗಿ ಗದ್ದೆಗಳನ್ನು ಹುಡುಕಬೇಕಾಗಿದೆ. ಅನೇಕ ಧರ್ಮಕೇಂದ್ರಗಳಲ್ಲಿ ಬೇಸಾಯ ಬಿಡದ ಒಬ್ಬಿಬ್ಬರ ಗದ್ದೆಯಿಂದಲೇ ಇಡೀ ಧರ್ಮಕೇಂದ್ರಕ್ಕೆ ತೆನೆ ಬರುತ್ತದೆ. ಹಡಿಲು ಬಿದ್ದ ಗದ್ದೆಗಳನ್ನು ಯುವಜನರು ಸೇರಿ ಉತ್ತು ನಾಟಿ ಮಾಡಿದ ಉದಾಹರಣೆಗಳೂ ಇವೆ, ಅವರನ್ನು ಮೆಚ್ಚಲೇಬೇಕು. ಗದ್ದೆ ಅಡಿಕೆ ತೋಟವಾಯಿತು, ರಬ್ಬರ್ ಬಂತು, ಪೇಟೆಯ ಅಂಚಿನಲ್ಲಿ ಅದು ಸೈಟುಗಳಾಗಿ ಸೆಂಟ್ಸುಗಳ ಲೆಕ್ಕದಲ್ಲಿ ಮಾರಾಟವಾಯಿತು.

ಇದರ ಹಿಂದಿನ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕು. ನಮ್ಮ ಅಜ್ಜಂದಿರಲ್ಲಿ ಬಹುಮಂದಿ ಗೇಣಿದಾರರು. ಬೆಳೆದ ಅಕ್ಕಿಯಲ್ಲಿ ಧಣಿಗೆ ಗೇಣಿ ಅಳೆದು ಉಳಿದುದರಲ್ಲಿ ಸಂಸಾರ ಸಾಗಿಸಿದವರು. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವವನೇ ಹೊಲದೊಡೆಯನಾದ. ಗೇಣಿದಾರರು ಡಿಕ್ಲರೇಶನ್ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು, ತಾವು ಬೆವರು ಸುರಿಸಿದ ನೆಲಕ್ಕೆ ಒಡೆಯರಾದರು. ಆ ಜಾಗವನ್ನು ಜನ ಈಗಲೂ ‘ಡಿಕ್ಲರೇಶನ್ ಜಾಗ’ ಎಂದೇ ಕರೆಯುತ್ತಾರೆ. ಎಷ್ಟೋ ಕ್ರೈಸ್ತ ಕುಟುಂಬಗಳು ಹೊಟ್ಟೆ ತುಂಬ ಉಂಡು ಮಕ್ಕಳನ್ನು ಓದಿಸಿದ್ದು ಆ ಬಳಿಕವೇ. ಜಾಗ ಕಳೆದುಕೊಂಡ ಧಣಿಗಳಲ್ಲಿಯೂ ಕ್ರೈಸ್ತರಿದ್ದರು ಎಂಬುದನ್ನು ಮರೆಯಬಾರದು.

ಆದರೆ ಅಂದು ಒಡೆತನ ಪಡೆದ ಆ ತಲೆಮಾರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಉಳಿದಿರುವುದು ಮಕ್ಕಳು, ಮೊಮ್ಮಕ್ಕಳು ಮತ್ತು ಬೆಲೆ ಏರಿದ ಮಣ್ಣು. ಬೆಲೆಯಿಲ್ಲದ ಕಾಲದಲ್ಲಿ ಒಟ್ಟಾಗಿ ಉತ್ತವರು ಬೆಲೆ ಬಂದಾಗ ಬೇಲಿ ಹಾಕಿಕೊಳ್ಳುತ್ತಿದ್ದಾರೆ. ಧರ್ಮಗುರುಗಳು ಮನೆ ಆಶೀರ್ವಾದಕ್ಕೆ ಬಂದಾಗ ಒಂದೇ ಅಂಗಳದ ಎರಡು ಮನೆಗಳಿಗೆ ಎರಡು ದಾರಿಯಿಂದ ಹೋಗಬೇಕಾದ ಪರಿಸ್ಥಿತಿ ಅಪರೂಪವೇನಲ್ಲ.

ನಮ್ಮದೇ ಮನೆಯ ಮಾತು

ಪರರ ಮನೆಯ ಉದಾಹರಣೆ ಕೊಟ್ಟು ಉಪದೇಶ ಮಾಡುವುದು ಸುಲಭ. ನ್ಯಾಯವಾಗಿ ನಾವು ನಮ್ಮ ಮನೆಯ ಮಾತನ್ನೇ ಹೇಳಬೇಕು. ನಮ್ಮ ತಂದೆಯವರೂ ಹೀಗೆ ಡಿಕ್ಲರೇಶನ್‌ನಿಂದ ಒಂದೂವರೆ ಎಕರೆ ಗದ್ದೆ ಮತ್ತು ಒಂದಿಷ್ಟು ಗುಡ್ಡೆ ಜಾಗ ಪಡೆದವರು. 2009ರಲ್ಲಿ ಅವರು ತೀರಿಕೊಂಡಾಗ ಉಯಿಲು ಬರೆದಿರಲಿಲ್ಲ. ‘ನನ್ನ ಮಕ್ಕಳು ಜಗಳವಾಡುವವರಲ್ಲ’ ಎಂಬುದು ಅವರ ನಂಬಿಕೆಯಾಗಿತ್ತು. ನಾವಿಬ್ಬರು ಗಂಡುಮಕ್ಕಳು, ಒಬ್ಬಳು ತಂಗಿ. ಅಣ್ಣ ಊರಿನಲ್ಲೇ ಉಳಿದು ಬೇಸಾಯ ನೋಡಿಕೊಂಡಿದ್ದ. ನಾವು ನೌಕರಿಗಾಗಿ ಹೊರಗಿದ್ದು ಮರಳಿ ಬಂದು ಪಕ್ಕದಲ್ಲೇ ಮನೆ ಕಟ್ಟಿದೆವು. ತಾಯಿ ನಮ್ಮೊಡನಿದ್ದರು.

ಜಗಳ ಆರಂಭವಾದದ್ದು ದಾರಿಯ ವಿಷಯದಲ್ಲಿ. ನಮ್ಮ ಮನೆಗೆ ವಾಹನ ಬರಲು ಅಣ್ಣನ ಅಂಗಳದ ಅಂಚಿನ ನಾಲ್ಕಡಿ ಜಾಗ ಬೇಕಿತ್ತು. ಆತ ಇಪ್ಪತ್ತು ವರ್ಷ ಒಬ್ಬನೇ ದುಡಿದ ಲೆಕ್ಕ ಹೇಳಿದ. ನಾವು ಮನೆಗೆ ಕಳುಹಿಸಿದ ಹಣದ ಲೆಕ್ಕ ಹೇಳಿದೆವು. ಎರಡೂ ಲೆಕ್ಕ ಸರಿಯಾಗಿಯೇ ಇದ್ದವು. ಅಲ್ಲಿಯೇ ಇರುವುದು ಕಷ್ಟ. 2014ರಲ್ಲಿ ವ್ಯಾಜ್ಯ ನ್ಯಾಯಾಲಯ ಸೇರಿತು. ನಡುವೆ ಗೋಡೆ ಎದ್ದಿತು, ಬಾವಿ ಅಣ್ಣನ ಕಡೆಗೆ ಉಳಿಯಿತು, ನಾವು ಕೊಳವೆಬಾವಿ ಕೊರೆಸಿದೆವು.

ಇದೆಲ್ಲದರ ನಡುವೆ ನಮ್ಮ ಭಾನುವಾರದ ಬಲಿಪೂಜೆ ತಪ್ಪಲಿಲ್ಲ ಎಂಬುದನ್ನು ಇಂದು ನಾಚಿಕೆಯಿಂದ ಬರೆಯುತ್ತಿದ್ದೇವೆ. ಅಣ್ಣ ಎಡಸಾಲಿನಲ್ಲಿ, ನಾವು ಬಲಸಾಲಿನಲ್ಲಿ. ಗುರುಗಳು ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿರೆಂದಾಗ ನಾವು ಎಚ್ಚರಿಕೆಯಿಂದ ಬೇರೆ ದಿಕ್ಕಿಗೆ ತಿರುಗಿ, ಹೆಸರೂ ತಿಳಿಯದವರಿಗೆ ಕೈಮುಗಿದು, ಬಳಿಕ ಪರಮಪ್ರಸಾದಕ್ಕೆ ಸಾಲು ನಿಲ್ಲುತ್ತಿದ್ದೆವು. ಮಗ ಪ್ರಥಮ ಪರಮಪ್ರಸಾದಕ್ಕೆ ಸಿದ್ಧನಾಗುತ್ತಿದ್ದ ವರ್ಷ ದಾರಿಯಲ್ಲಿ ಕೇಳಿದ: ‘ದೊಡ್ಡಪ್ಪನಿಗೆ ಶಾಂತಿ ಕೊಡಬಾರದೇ?’ ನಾವು ಉತ್ತರಿಸಲಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಅವನು ಕಲಿತದ್ದನ್ನು ನಾವು ಮನೆಯಲ್ಲಿ ಅಳಿಸುತ್ತಿದ್ದೇವೆಂದು ಅಂದು ಅರಿವಾಯಿತು. ಆದರೂ ಅಣ್ಣನ ಬಳಿಗೆ ಹೋಗಲಿಲ್ಲ.

ನಮ್ಮ ತಾಯಿ ಮೊದಲೆರಡು ವರ್ಷ ಹೊಸ ಅಕ್ಕಿಯ ಪಾಯಸವನ್ನು ಎರಡು ಪಾತ್ರೆಗಳಲ್ಲಿ ಹಂಚಿ, ಒಂದನ್ನು ತಾವೇ ಎತ್ತಿಕೊಂಡು ರಸ್ತೆ ಸುತ್ತಿ ಅಣ್ಣನ ಮನೆಗೆ ಕೊಂಡೊಯ್ದು ಕೊಟ್ಟು ಬಂದರು. 2016ರ ಹಬ್ಬದ ದಿನ ಅವರು ತೆನೆಯನ್ನು ಪುಡಿ ಮಾಡಲು ಒಪ್ಪಲಿಲ್ಲ. ಒಂದೇ ಪಾತ್ರೆಯಿಂದ ಎರಡು ಮನೆಗೆ ಬಡಿಸಲು ತಮ್ಮಿಂದ ಇನ್ನಾಗದು, ಮಕ್ಕಳಿಬ್ಬರೂ ಒಂದೇ ಕೋಣೆಯಲ್ಲಿ ಎಲೆ ಹಾಕಿ ಕುಳಿತ ದಿನ ಪುಡಿ ಮಾಡುವೆನೆಂದರು. ಬಿಳಿ ನೂಲಿನಿಂದ ಕಟ್ಟಿ ತೆನೆಯನ್ನು ದೇವರ ಪೀಠದ ಮೇಲಿಟ್ಟರು. ಅಂದು ಅವರು ಉಂಡದ್ದು ಹಿಂದಿನ ದಿನದ ಗಂಜಿ. 2017ರಲ್ಲಿಯೂ ಹಾಗೆಯೇ. ಪೀಠದ ಮೇಲೆ ಎರಡು ಕಟ್ಟುಗಳಾದವು. ಪ್ರತಿಸಂಜೆ ಜಪಸರಕ್ಕೆ ಮೊಣಕಾಲೂರಿದಾಗಲೆಲ್ಲ ಅವು ನಮ್ಮ ಕಣ್ಣಿಗೆ ಬೀಳುತ್ತಿದ್ದವು. ಅಭ್ಯಾಸವಾದ ಮೇಲೆ ಅವೂ ಕಾಣದಾದವು.

2018ರ ಜುಲೈಯಲ್ಲಿ ತಾಯಿ ತೀರಿಕೊಂಡರು. ಮೂರನೆಯ ಕಟ್ಟು ಬರಲಿಲ್ಲ.

ಪವಿತ್ರ ಗ್ರಂಥದ ನಿಲುವು

ಪಾಲುಪಟ್ಟಿಯ ಜಗಳ ನಮ್ಮ ಕಾಲದ ಹೊಸ ರೋಗವಲ್ಲ. ಸಂತ ಲೂಕರ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಜನಜಂಗುಳಿಯ ನಡುವಿನಿಂದ ಒಬ್ಬ ಮನುಷ್ಯ ಯೇಸುಸ್ವಾಮಿಯನ್ನು ಕರೆದು, ಪಿತ್ರಾರ್ಜಿತದಲ್ಲಿ ತನಗೆ ಪಾಲು ಕೊಡುವಂತೆ ಅಣ್ಣನಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತಾನೆ. ರೋಗಿಗಳು ಬೇಡಿದಾಗ ಇಲ್ಲವೆನ್ನದ ಪ್ರಭು ಇಲ್ಲಿ ಪಂಚಾಯಿತಿದಾರನಾಗಲು ಒಪ್ಪುವುದಿಲ್ಲ. ಲೋಭದ ವಿಷಯದಲ್ಲಿ ಎಚ್ಚರಿಸಿ, ಕಣಜಗಳನ್ನು ಒಡೆದು ದೊಡ್ಡದಾಗಿ ಕಟ್ಟಲು ಹೊರಟು ಅದೇ ರಾತ್ರಿ ಸತ್ತ ಶ್ರೀಮಂತನ ಸಾಮತಿ ಹೇಳುತ್ತಾರೆ. ಆ ಮನುಷ್ಯನ ಬೇಡಿಕೆ ಅನ್ಯಾಯದ್ದೆಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ನ್ಯಾಯವಾದ ಬೇಡಿಕೆಯ ಒಳಗೂ ಲೋಭ ಅಡಗಿ ಕುಳಿತಿರಬಹುದು.

ಅಬ್ರಹಾಮ ಮತ್ತು ಲೋಟರ ದನಗಾಹಿಗಳಿಗೆ ಮೇವಿಗಾಗಿ ಜಗಳವಾದಾಗ ಹಿರಿಯನಾದ ಅಬ್ರಹಾಮನು ಆಯ್ಕೆಯನ್ನು ಕಿರಿಯನಿಗೇ ಬಿಟ್ಟನು. ಲೋಟನು ನೀರಿರುವ ಬಯಲನ್ನು ಆರಿಸಿಕೊಂಡನು. ಯಾಜಕ ಕಾಂಡದ 25ನೆಯ ಅಧ್ಯಾಯವು ಜುಬಿಲಿ ವರ್ಷದ ನಿಯಮ ವಿಧಿಸುವಾಗ ಭೂಮಿಯ ನಿಜವಾದ ಒಡೆಯ ದೇವರೆಂದೂ ನಾವೆಲ್ಲ ಅವರ ನೆಲದಲ್ಲಿ ಪರವಾಸಿಗಳೆಂದೂ ಸಾರುತ್ತದೆ. ಒಂದು ಅರ್ಥದಲ್ಲಿ ನಾವೆಲ್ಲರೂ ಇನ್ನೂ ಗೇಣಿದಾರರೇ. 2025ರ ಜುಬಿಲಿ ವರ್ಷದಲ್ಲಿ ನಾವು ಯಾತ್ರೆಗಳನ್ನು ಕೈಗೊಂಡೆವು, ಪ್ರಾರ್ಥನೆಗಳನ್ನು ಹೇಳಿದೆವು. ಆದರೆ ಜುಬಿಲಿಯ ಮೂಲದಲ್ಲಿದ್ದುದು ಜಮೀನು ಹಿಂದಿರುಗಿಸುವ ಮಾತು ಎಂಬುದನ್ನು ಎಷ್ಟು ಮನೆಗಳಲ್ಲಿ ಚರ್ಚಿಸಿದೆವು?

ಬಲಿಪೀಠಕ್ಕೆ ಕಾಣಿಕೆ ತರುವಾಗ ಸಹೋದರನ ಮನಸ್ಸಿನಲ್ಲಿ ನಮ್ಮ ಮೇಲೆ ನೋವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ರಾಜಿಯಾಗಬೇಕೆಂಬ ಪ್ರಭುವಿನ ಆಜ್ಞೆ ಸಂತ ಮತ್ತಾಯರ 5ನೆಯ ಅಧ್ಯಾಯದಲ್ಲಿದೆ. ನಮ್ಮ ಮನಸ್ಸಿನಲ್ಲಿ ಅವನ ಮೇಲೆ ನೋವಿದ್ದರೆ ಎಂದಲ್ಲ, ಅವನ ಮನಸ್ಸಿನಲ್ಲಿ ನಮ್ಮ ಮೇಲೆ ನೋವಿದ್ದರೆ ಎಂದು! ತಪ್ಪು ಯಾರದೆಂಬ ತೀರ್ಪಿಗೆ ಕಾಯದೆ ಮೊದಲ ಹೆಜ್ಜೆ ನಾವಿಡಬೇಕು. ಆದಿ ಕ್ರೈಸ್ತರ ಕಾಲದ ‘ಡಿಡಾಕೆ’ ಎಂಬ ಪುಟ್ಟ ಗ್ರಂಥವೂ ಜಗಳವಾಡಿಕೊಂಡವರು ರಾಜಿಯಾಗುವವರೆಗೆ ಪ್ರಭುವಿನ ದಿನದ ಕೂಟದಲ್ಲಿ ಸೇರಬಾರದೆಂದು ಕಟ್ಟಪ್ಪಣೆ ಮಾಡುತ್ತದೆ. ಅನೇಕ ಪೌರ್ವಾತ್ಯ ಪೂಜಾವಿಧಿಗಳಲ್ಲಿ ಶಾಂತಿಯ ವಿನಿಮಯ ಬಲಿಯ ಮುಖ್ಯ ಪ್ರಾರ್ಥನೆಗೆ ಮೊದಲೇ ನಡೆಯುತ್ತದೆ. ನಮ್ಮ ರೋಮನ್ ವಿಧಿಯಲ್ಲಿ ಅದು ಪರಮಪ್ರಸಾದಕ್ಕೆ ಸ್ವಲ್ಪ ಮೊದಲು ಬರುತ್ತದೆ. ಎಲ್ಲಿಯೇ ಇರಲಿ, ಅದು ಕೈಮುಗಿಯುವ ಔಪಚಾರಿಕತೆಯಲ್ಲ.

ದುಂದುಗಾರ ಮಗನ ಸಾಮತಿಯಲ್ಲಿಯೂ ಕಥೆ ಆರಂಭವಾಗುವುದು ಪಾಲಿನಿಂದಲೇ. ಕಿರಿಯವನು ಮರಳಿದಾಗ ಒಳಗೆ ಔತಣ ನಡೆಯುತ್ತಿದೆ, ಹಿರಿಯವನು ಹೊರಗೆ ನಿಂತಿದ್ದಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಇಷ್ಟು ವರ್ಷ ಅವನು ದುಡಿದದ್ದು ನಿಜ. ತಂದೆ ಹೊರಬಂದು ಬೇಡಿಕೊಳ್ಳುತ್ತಾನೆ. ಹಿರಿಯವನು ಒಳಗೆ ಹೋದನೇ? ಯೇಸುಸ್ವಾಮಿ ಅದನ್ನು ಹೇಳದೆ ಬಿಟ್ಟಿದ್ದಾರೆ. ಹೇಳಬೇಕಾದವರು ನಾವು.

ಉಯಿಲು ಬರೆಯುವುದೂ ಪ್ರೀತಿಯೇ

ಭಕ್ತಿಯ ಮಾತುಗಳೊಡನೆ ಕೆಲವು ಲೌಕಿಕ ಮಾತುಗಳನ್ನೂ ಹೇಳುವುದು ಅಗತ್ಯ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಇದರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮಾನವಾಗಿ ಸಲ್ಲುತ್ತದೆ. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ಇದೇ ಹಕ್ಕು ಇದೆಯೆಂದು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಮೇರಿ ರಾಯ್ ಪ್ರಕರಣದಲ್ಲಿ ತೀರ್ಪಿತ್ತಿತು.

ನಮ್ಮಲ್ಲಿ ನಡೆಯುವುದೇನು? ಮದುವೆಯಲ್ಲಿ ಚಿನ್ನ ಕೊಟ್ಟೆವೆಂಬ ನೆಪದಲ್ಲಿ ಸಹೋದರಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ನಮ್ಮ ತಂಗಿಯೂ ಮುಂಬಯಿಯಿಂದ ಬಂದು ಒಂದು ಮಧ್ಯಾಹ್ನ ತೋರಿಸಿದಲ್ಲೆಲ್ಲ ಸಹಿ ಹಾಕಿ, ಮರುದಿನದ ಬಸ್ಸಿಗೆ ಹೊರಟುಹೋಗಿದ್ದಳು. ನಾವು ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಿ ನಾಲ್ಕಡಿಗಾಗಿ ಹೋರಾಡಿದ ಮಣ್ಣಿನಲ್ಲಿ ಅವಳ ಪಾಲೂ ಇತ್ತು, ಮೂರನೆಯ ಒಂದು ಭಾಗ ತಾಯಿಯದೇ ಆಗಿತ್ತು. ಅವರಿಬ್ಬರನ್ನು ನಾವು ಯಾರೂ ಕೇಳಿರಲಿಲ್ಲ. ನ್ಯಾಯ ಬೇಕೆಂದು ಕೂಗಿದವರು ಮಾಡಿದ ಅನ್ಯಾಯವಿದು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಮೊದಲ ವಿನಂತಿ: ಕೈಕಾಲು ಗಟ್ಟಿಯಿರುವಾಗಲೇ ಉಯಿಲು ಬರೆಯಿರಿ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಮುಂದಿನ ಸಂಶಯಕ್ಕೆ ಎಡೆಯಿರದು. ಬರೆದುದನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಮಕ್ಕಳನ್ನು ಕೂರಿಸಿ, ಹೀಗೇಕೆ ಹಂಚಿದೆವೆಂದು ಬಾಯಿಬಿಟ್ಟು ಹೇಳಿರಿ. ದಾರಿ, ಬಾವಿ, ಚರಂಡಿ ಇವುಗಳನ್ನು ಕಾಗದದಲ್ಲಿ ಸ್ಪಷ್ಟಪಡಿಸಿರಿ. ನಾವು ಕಂಡಂತೆ ಬಹುತೇಕ ಜಗಳಗಳು ಹುಟ್ಟುವುದು ಎಕರೆಗಳಿಗಾಗಿ ಅಲ್ಲ, ಇಂತಹ ಅಡಿಗಳಿಗಾಗಿ.

ಈಗಾಗಲೇ ನ್ಯಾಯಾಲಯದಲ್ಲಿರುವವರಿಗೆ ಇನ್ನೊಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ನಡೆಯುವ ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿದರೆ ವ್ಯಾಜ್ಯ ಮುಗಿಯುತ್ತದೆ. ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ಸಿಗುತ್ತದೆ, ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ. ಕೊರಿಂಥದ ಕ್ರೈಸ್ತರು ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋದಾಗ, ನಿಮ್ಮಲ್ಲಿ ರಾಜಿ ಮಾಡಿಸುವ ಒಬ್ಬ ವಿವೇಕಿಯೂ ಇಲ್ಲವೇ ಎಂದು ಸಂತ ಪೌಲರು ಗದರಿಸಿದ್ದನ್ನು ನೆನೆದರೆ, ಇಂತಹ ರಾಜಿಯನ್ನು ಸೋಲೆಂದು ಭಾವಿಸಬೇಕಾಗಿಲ್ಲ.

ಧರ್ಮಕೇಂದ್ರದ ಹೊಣೆ

ಹಿಂದೆ ವಾಳೆಯ ಗುರಿಕಾರರು ಮನೆಮನೆಯ ಕಷ್ಟಸುಖ ಬಲ್ಲವರಾಗಿದ್ದರು. ಎರಡು ಮನೆಗಳ ನಡುವೆ ಮಾತು ನಿಂತಿತೆಂದು ತಿಳಿದರೆ ಒಂದು ಸಂಜೆ ಜಪಸರದ ಹೊತ್ತಿಗೆ ಬಂದು ಕೂರುತ್ತಿದ್ದರು. ಇಂದು ಕಿರು ಕ್ರೈಸ್ತ ಸಮುದಾಯಗಳ ಸಭೆಗಳು ನಡೆಯುತ್ತಿವೆ, ವರದಿಗಳು ಸಿದ್ಧವಾಗುತ್ತವೆ. ಆದರೆ ಮುನಿಸಿಕೊಂಡ ಇಬ್ಬರಲ್ಲಿ ಒಬ್ಬರು ಬಂದರೆ ಮತ್ತೊಬ್ಬರು ಬರುವುದಿಲ್ಲ. ಸಭೆ ಸುಗಮವಾಗಿ ಮುಗಿಯುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ವಿವಾಹಕ್ಕೆ ಸಿದ್ಧರಾಗುವವರಿಗೆ ಧರ್ಮಪ್ರಾಂತ್ಯಗಳು ತರಬೇತಿ ಕೊಡುತ್ತವೆ. ಪಾಲು ಮಾಡಿಕೊಳ್ಳಲಿರುವ ಕುಟುಂಬಗಳಿಗೂ ಒಂದು ದಿನದ ತರಬೇತಿ ಏಕಿರಬಾರದು? ಒಬ್ಬ ಕ್ರೈಸ್ತ ವಕೀಲರು, ಒಬ್ಬ ಅನುಭವಿ ಗುರುಗಳು, ರಾಜಿಯಾದ ಒಂದು ಕುಟುಂಬ, ಇಷ್ಟಿದ್ದರೆ ಸಾಕು.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2016ರಲ್ಲಿ ಪ್ರಕಟಿಸಿದ ‘ಅಮೋರಿಸ್ ಲೆತೀಸಿಯಾ’ ಎಂಬ ಪ್ರೇಷಿತ ಪತ್ರದಲ್ಲಿ ಕುಟುಂಬಕ್ಕೆ ದೊಡ್ಡ ಸಿದ್ಧಾಂತಗಳಿಗಿಂತ ಸಣ್ಣ ಮಾತುಗಳನ್ನೇ ಒತ್ತಿ ಹೇಳಿದ್ದಾರೆ. ಅನುಮತಿ ಕೇಳುವುದು, ವಂದಿಸುವುದು, ಕ್ಷಮೆ ಯಾಚಿಸುವುದು, ಈ ಮೂರೂ ಮನೆಯ ಆಧಾರ. ಸಮಾಧಾನ ಮಾಡಿಕೊಳ್ಳದೆ ದಿನವನ್ನು ಮುಗಿಸಬಾರದೆಂಬುದು ಅವರ ಸಲಹೆ. ಒಂದು ದಿನ ಕಳೆದರೆ ಎರಡನೆಯ ದಿನ ಸುಲಭವಾಗಿ ಕಳೆಯುತ್ತದೆ. ನಮಗೆ ನಾಲ್ಕು ವರ್ಷ ಕಳೆದದ್ದೂ ಹಾಗೆಯೇ.

ಎರಡು ಕಟ್ಟು ತೆನೆ

ತಾಯಿಯ ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ ಅಣ್ಣ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದ. ಬಂದದ್ದು ತಾಯಿಯ ವಸ್ತುಗಳನ್ನು ಹಂಚಿಕೊಳ್ಳಲು. ಸರ ತಂಗಿಗೆ, ಪ್ರಾರ್ಥನೆಯ ಪುಸ್ತಕ ನಮಗೆ, ತಾಮ್ರದ ಹಂಡೆ ಅಣ್ಣನಿಗೆ ಎಂದಾಯಿತು. ಪೀಠದ ಮೇಲಿದ್ದ ಎರಡು ಕಟ್ಟು ತೆನೆಯ ಬಳಿ ಬಂದಾಗ ತಂಗಿ ಕೇಳಿದಳು, ಇದು ಯಾರಿಗೆಂದು. ಒಂದೊಂದಾಗಿ ಹಂಚಿಕೊಳ್ಳಬಹುದಿತ್ತು, ಲೆಕ್ಕ ಸರಿಹೋಗುತ್ತಿತ್ತು. ನಾವು ಹಾಗೆ ಹೇಳಲಾರದೆ ಹೋದೆವು, ಅಣ್ಣನೂ ಹೇಳಲಿಲ್ಲ. ಆತ ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಏಳಲಿಲ್ಲ.

ಆ ಸೆಪ್ಟೆಂಬರ್ 8ರಂದು ಅಣ್ಣನ ಮನೆಯಲ್ಲಿ ಎಲೆ ಹಾಕಿದೆವು. ಶೋಕದ ವರ್ಷವಾದುದರಿಂದ ಮೂರೇ ಪಲ್ಯ. ಹೊಸ ತೆನೆಯೊಡನೆ ಆ ಎರಡು ಕಟ್ಟುಗಳ ಕಾಳನ್ನೂ ಬಿಡಿಸಿದೆವು. ಅರ್ಧಕ್ಕರ್ಧ ಹುಳ ತಿಂದಿತ್ತು. ಉಳಿದುದನ್ನು ಅತ್ತಿಗೆ ಪುಡಿ ಮಾಡಿದರು. ಬಡಿಸಬೇಕಾದ ತಾಯಿ ಇರಲಿಲ್ಲ.

2019ರಲ್ಲಿ ಲೋಕ ಅದಾಲತ್‌ನಲ್ಲಿ ವ್ಯಾಜ್ಯ ಮುಗಿಯಿತು. ದಾರಿಗೆ ಜಾಗ ಸಿಕ್ಕಿತು, ಬಾವಿಯ ನೀರು ಎರಡೂ ಮನೆಗೆಂದಾಯಿತು, ತಂಗಿಯ ಹೆಸರಿಗೆ ಹತ್ತು ಸೆಂಟ್ಸ್ ನೋಂದಣಿಯಾಯಿತು. ಅದು ಅವಳಿಗೆ ಸಲ್ಲಬೇಕಾದುದಕ್ಕಿಂತ ಕಡಿಮೆಯೆಂದು ನಮಗೆ ಗೊತ್ತಿದೆ. ಯಾರು ಹೆಚ್ಚು ಬಿಟ್ಟುಕೊಟ್ಟರೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಬರೆದರೆ ಮತ್ತೆ ಲೆಕ್ಕ ಆರಂಭವಾದೀತು. ಬಾಲ್ಯದ ಸಲಿಗೆ ಪೂರ್ತಿಯಾಗಿ ಮರಳಿದೆಯೆಂದೂ ಹೇಳಲಾರೆವು. ಕೆಲವು ವಿಷಯಗಳನ್ನು ಇಬ್ಬರೂ ಎತ್ತುವುದಿಲ್ಲ. ಆದರೆ 2020ರಲ್ಲಿ ಕೊರೋನಾ ಕಾಯಿಲೆಯಿಂದಾಗಿ ಮೆರವಣಿಗೆಯಿಲ್ಲದೆ, ಮಕ್ಕಳ ಹೂಗಳಿಲ್ಲದೆ ಹಬ್ಬ ಬಂದಾಗಲೂ ನಮ್ಮ ಎರಡು ಮನೆಯ ಎಲೆಗಳು ಒಂದೇ ಕೋಣೆಯಲ್ಲಿದ್ದವು. ಇಂದಿನವರೆಗೂ ಅದು ತಪ್ಪಿಲ್ಲ.

ಪ್ರಿಯ ಓದುಗರೇ, ನಮಗೆ ತಾಯಿಯ ಮರಣದ ತನಕ ಕಾಯಬೇಕಾಯಿತು. ನೀವು ಕಾಯಬೇಡಿ ಎಂದು ಹೇಳುವುದಕ್ಕಾಗಿಯೇ ಇಷ್ಟನ್ನು ಬರೆದೆವು. ಹಬ್ಬಕ್ಕೆ ಇನ್ನೂ ದಿನಗಳಿವೆ. ಮಕ್ಕಳು ಮಾತೆಗೆ ಹೂ ಕೊಂಡೊಯ್ಯುವ ಈ ಒಂಬತ್ತು ದಿನಗಳಲ್ಲಿ ಒಂದು ದಿನ ದೊಡ್ಡವರು ಗೋಡೆಯಾಚೆಗಿನ ಮನೆಗೆ ನಡೆದುಹೋಗಲಿ. ಹೇಳಲು ಮಾತು ಸಿಗದಿದ್ದರೆ, ಸೆಪ್ಟೆಂಬರ್ 8ರ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದಷ್ಟೇ ಹೇಳಿದರೂ ಸಾಕು. ಬರುವರೋ ಇಲ್ಲವೋ, ಎಲೆಯನ್ನಂತೂ ಹಾಕಿಡೋಣ.

ಎಲ್ಲ ಕುಟುಂಬಗಳಿಗೂ ಮಾತೆ ಮರಿಯಮ್ಮನ ಜನನೋತ್ಸವದ ಹಾಗೂ ತೆನೆಹಬ್ಬದ ಶುಭಾಶಯಗಳು.